ಟ್ರೆಂಡ್ ಆದರೆ ಸಾಲದು, ಗಣತಿಯಲ್ಲಿ ಬರೆಸಬೇಕು

ಮಾನ್ಯರೇ,

ತುಳುವನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ಮಾನ್ಯತೆ ಪಡೆದ ಭಾಷೆಗಳ ಪಟ್ಟಿಗೆ, ಸೇರಿಸಿ ಎಂಬ ಕೂಗು ಎಕ್ಸ್‌ನಲ್ಲಿ ಆಗಾಗ ಏಳುತ್ತದೆ. ತಮ್ಮ ಭಾಷೆಗಾಗಿ ಫೇಸ್‌ಬುಕ್‌ನಲ್ಲಿ ಕೊಡವರ ದನಿಯೂ ಜೋರಾಗಿಯೇ ಇದೆ. ಆದರೆ 2001ರ ಜನಗಣತಿಯಲ್ಲಿ 1,66,187 ಇದ್ದ ಕೊಡವ ಭಾಷಿಕರ ಸಂಖ್ಯೆ 2011ರಲ್ಲಿ 1,13,857ಕ್ಕೆ ಇಳಿಯಿತು. ಹತ್ತೇ ವರ್ಷದಲ್ಲಿ ಅಷ್ಟು ಮಂದಿ ತಾಯ್ನುಡಿ ಮರೆತರೆಂದು ನಂಬುವುದು ಕಷ್ಟ. ಹಲವರು ಗಣತಿಯ ಕಾಲಂನಲ್ಲೇ ಕಳೆದುಹೋಗಿರಬೇಕು.

2011ರಲ್ಲಿ ತುಳು ಭಾಷಿಕರು 18,46,427. ಮಣಿಪುರಿಯವರು 17.61 ಲಕ್ಷ, ಬೋಡೊದವರು 14.83 ಲಕ್ಷ. ಆ ಎರಡೂ ಭಾಷೆಗಳು ಪರಿಚ್ಛೇದದಲ್ಲಿವೆ. ಸೇರ್ಪಡೆಗೆ ನಿಗದಿತ ಮಾನದಂಡವಿಲ್ಲ ಎಂಬುದು ಕೇಂದ್ರದ ಎಂದಿನ ಉತ್ತರ. ಹಾಗಿರುವಾಗ ವಾದಕ್ಕೆ ನಿಲ್ಲುವ ಗಟ್ಟಿ ದಾಖಲೆ ಗಣತಿಯ ಅಂಕಿಯೇ ಹೊರತು ಹ್ಯಾಶ್‌ಟ್ಯಾಗ್‌ನ ಲೆಕ್ಕವಲ್ಲ.

ಮುಂದಿನ ಗಣತಿಯ ಉಲ್ಲೇಖ ದಿನಾಂಕ, ಅಂದರೆ ಜನರ ಲೆಕ್ಕಕ್ಕೆ ಹಿಡಿಯುವ ದಿನ, 2027ರ ಮಾರ್ಚ್ 1. ಗಣತಿಯಲ್ಲಿ ಮಾತೃಭಾಷೆ ಎಂದರೆ ನಮ್ಮ ಬಾಲ್ಯದಲ್ಲಿ ತಾಯಿ ನಮ್ಮೊಡನೆ ಆಡುತ್ತಿದ್ದ ಭಾಷೆ. ಶಾಲೆಯಲ್ಲಿ ಓದಿದ್ದಲ್ಲ, ಓದಲು ಬರೆಯಲು ಬರಬೇಕೆಂದೂ ಇಲ್ಲ. ಮನೆಯ ಯಜಮಾನರು ‘ಕನ್ನಡ’ ಎಂದರೆ ಎಲ್ಲರ ಹೆಸರಿನ ಮುಂದೆಯೂ ಅದೇ ಬಿದ್ದುಬಿಡುವ ಅಪಾಯವಿದೆ. ಒಂದೇ ಮನೆಯ ಸೊಸೆಯದ್ದು ಬ್ಯಾರಿ, ಕೊಂಕಣಿ ಏನೂ ಇರಬಹುದು; ಒಬ್ಬೊಬ್ಬರದ್ದೂ ಬೇರೆ ಕೇಳಿ ಬರೆಸಬೇಕು. ಕನ್ನಡ ಕೈಬಿಟ್ಟಂತಾಗುತ್ತದೆ ಎಂಬ ಅಳುಕು ಬೇಡ. 2011ರ ನಮೂನೆಯಲ್ಲಿ ಗೊತ್ತಿರುವ ಇತರ ಎರಡು ಭಾಷೆ ಬರೆಸಲು ಪ್ರತ್ಯೇಕ ಪ್ರಶ್ನೆಯೇ ಇತ್ತು.

ಜಾಲತಾಣದ ಪೋಸ್ಟ್‌ಗಳ ಪಾಡೂ ಹೀಗೆಯೇ, ಬರೆದದ್ದು ಲೆಕ್ಕಕ್ಕೆ ಸಿಗದೆ ಕಳೆದುಹೋಗುತ್ತದೆ. ತುಳು ಲಿಪಿಯ ಹಲವು ಹಳೆಯ ಫಾಂಟ್‌ಗಳಲ್ಲಿ ಬೇರೆ ಲಿಪಿಯ ಸಂಕೇತಕ್ಕೆ ತುಳು ಅಕ್ಷರದ ಚಿತ್ರ ಅಂಟಿಸಲಾಗಿದೆ. ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಅದು ಕನ್ನಡವಾಗಿಯೋ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗಿಯೋ ಕಾಣುತ್ತದೆ. ಅದಕ್ಕೇ ಎಲ್ಲರೂ ಪೋಸ್ಟರ್ ಮಾಡಿ ಹಾಕುತ್ತಾರೆ. ಚಂದವೇನೋ ಹೌದು, ಆದರೆ ಚಿತ್ರದೊಳಗಿನ ಮಾತು ಹುಡುಕಿದರೆ ಸಿಗುವುದು ಕಷ್ಟ, ಕಾಪಿ ಮಾಡಲೂ ಆಗದು. ಯೂನಿಕೋಡ್ ಎಂದರೆ ಕಂಪ್ಯೂಟರ್, ಮೊಬೈಲ್‌ಗಳಲ್ಲಿ ಪ್ರತಿ ಅಕ್ಷರಕ್ಕೂ ಸಂಕೇತ ಕೊಡುವ ಜಾಗತಿಕ ಪಟ್ಟಿ; 2024ರ ಸೆಪ್ಟೆಂಬರಿನಲ್ಲಿ ಬಂದ ಅದರ 16.0 ಆವೃತ್ತಿಯಲ್ಲಿ ತುಳು ಲಿಪಿಗೆ ‘ತುಳು-ತಿಗಳಾರಿ’ ಎಂಬ ಹೆಸರಿನಲ್ಲಿ ಸ್ವಂತ ಸಂಕೇತಗಳು ದಕ್ಕಿವೆ. ಆದರೆ ಮೊಬೈಲ್‌ನಲ್ಲಿ ಅದಕ್ಕೆ ಹೊಂದುವ ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಬರೀ ಚೌಕ ಕಾಣುತ್ತದೆ. ಅಂಥ ಫಾಂಟ್ ಎಲ್ಲರ ಮೊಬೈಲ್‌ಗೂ ಬರುವವರೆಗೆ ಪೋಸ್ಟರಿನ ಕೆಳಗೆ ಅದೇ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಟೈಪ್ ಮಾಡಿ. ಹ್ಯಾಶ್‌ಟ್ಯಾಗ್‌ನ ನಡುವೆ ಜಾಗ ಬಿಡಬೇಡಿ, ಹೈಫನ್ (-) ಹಾಕಬೇಡಿ; ಟ್ಯಾಗ್ ಅಲ್ಲಿಗೇ ತುಂಡಾಗುತ್ತದೆ.

– ಓದುಗರು, ಪುತ್ತೂರು