ಬರೀ ಕ್ಯಾಲೆಂಡರ್ ಚಿತ್ರವಲ್ಲ

ಮಾನ್ಯ ಸಂಪಾದಕರೇ,

ಹಳ್ಳಿಗಾಡಿನ ನಿಸರ್ಗಚಿತ್ರವೆಂದರೆ ಕ್ಯಾಲೆಂಡರಿಗಷ್ಟೇ ಸಲ್ಲುವಂಥದ್ದು ಎಂಬ ತಾತ್ಸಾರ ನಮ್ಮಲ್ಲಿ ಹಲವರಿಗಿದೆ. ಅಂಥವರು ಇಂಗ್ಲೆಂಡಿನ ಜಾನ್ ಕಾನ್‌ಸ್ಟಬಲ್ 1821ರಲ್ಲಿ ರಚಿಸಿದ ‘ದಿ ಹೇ ವೇನ್’ ತೈಲಚಿತ್ರವನ್ನು, ಮುದ್ರಿತ ಪ್ರತಿಯಲ್ಲಾದರೂ ಸರಿ, ಒಮ್ಮೆ ನಿಧಾನವಾಗಿ ನೋಡಬೇಕು. ಸ್ಟೌರ್ ನದಿಯ ಆಳವಿಲ್ಲದ ನೀರಿನಲ್ಲಿ ಹುಲ್ಲು ಸಾಗಿಸುವ ಖಾಲಿ ಬಂಡಿ, ಕುದುರೆಗಳ ಸಜ್ಜಿನ ಕೆಂಪು, ದಡದಿಂದ ಬಂಡಿಯತ್ತ ನೋಡುವ ನಾಯಿ, ದೂರದ ಬಯಲಿನಲ್ಲಿ ಚುಕ್ಕೆಗಳಂತೆ ಕಾಣುವ ಹುಲ್ಲು ಕೊಯ್ಯುವವರು: ಇವೆಲ್ಲ ಕಲಾವಿದರು ಬಾಲ್ಯದಿಂದ ಬಲ್ಲ ಸಂಗತಿಗಳು, ಏಕೆಂದರೆ ಪಕ್ಕದ ಫ್ಲ್ಯಾಟ್‌ಫರ್ಡ್ ಹಿಟ್ಟಿನ ಗಿರಣಿ ಅವರ ತಂದೆಯದೇ ಆಗಿತ್ತು. ಆಕಾಶವನ್ನಂತೂ ಅವರು ಅಭ್ಯಾಸದ ವಿಷಯವನ್ನಾಗಿಯೇ ಸ್ವೀಕರಿಸಿ, ಬಯಲಿನಲ್ಲಿ ಮೋಡಗಳನ್ನು ಚಿತ್ರಿಸಿ, ಹಲವು ಚಿತ್ರಗಳ ಹಿಂಬದಿಯಲ್ಲಿ ದಿನ, ಹೊತ್ತು, ಗಾಳಿಯ ವಿವರಗಳನ್ನು ಬರೆದಿಟ್ಟರು.

ಲಂಡನ್ನಿನ ಪ್ರದರ್ಶನದಲ್ಲಿ ಮಾರಾಟವಾಗದ ಈ ಕೃತಿ 1824ರಲ್ಲಿ ಪ್ಯಾರಿಸ್ಸಿನಲ್ಲಿ ಚಿನ್ನದ ಪದಕ ಪಡೆಯಿತು. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ತವರಿನ ಉಪೇಕ್ಷೆಯನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ. ಇಂಥ ಚಿತ್ರಗಳನ್ನು ತಮ್ಮ ಭಾನುವಾರದ ಪುರವಣಿಯಲ್ಲಿ ದೊಡ್ಡ ಅಳತೆಯಲ್ಲಿ, ಬಣ್ಣದಲ್ಲಿ, ಕಲಾವಿದರ ಪರಿಚಯದೊಂದಿಗೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಧಾರವಾಡ