ಹುಲಿಯಪ್ಪನ ಕಟ್ಟೆಯ ಮುಂದೆ ಮತ್ತೆ ಸೇರಿದ ದನಗಳು

2023ರ ನವೆಂಬರ್ 14ರ ಬಲಿಪಾಡ್ಯಮಿಯಂದು ಶಿರಸಿ ಸೀಮೆಯ ನಮ್ಮ ಊರಿನ ಗೋಪೂಜೆ ಸಾಂಗವಾಗಿ ನೆರವೇರಿತು. ಅದಕ್ಕೆ ಕಾರಣರಾದವರಿಗೆ ನಮ್ಮ ಮನೆಯವರೆಲ್ಲರ ಪರವಾಗಿ ಕೃತಜ್ಞತೆ ಸಲ್ಲಿಸಲು ಇದನ್ನು ಬರೆಯುತ್ತಿದ್ದೇನೆ.

ಹಿಂದಿನ ದೀಪಾವಳಿಯಲ್ಲಿ ಚರ್ಮಗಂಟು ರೋಗದ ಭೀತಿಯಿದ್ದುದರಿಂದ ದನಗಳನ್ನು ಒಂದೆಡೆ ಸೇರಿಸುವುದು ಬೇಡವೆಂದು ಹಿರಿಯರು ತೀರ್ಮಾನಿಸಿದ್ದರು. ಅವರವರ ಕೊಟ್ಟಿಗೆಯಲ್ಲೇ ಆರತಿ ಎತ್ತಿದೆವು. ಅರ್ಚಕರೊಬ್ಬರೇ ಹೋಗಿ, ದನಗಳನ್ನು ಕಾಯುವ ಹುಲಿದೇವರಾದ ಹುಲಿಯಪ್ಪನಿಗೆ ಕಾಯಿ ಒಡೆದು ಬಂದರು. ಸೊಳ್ಳೆ, ನೊಣ, ಉಣ್ಣೆಗಳಿಂದ ಹರಡುವ ಕಾಯಿಲೆಯ ಕಾಲದಲ್ಲಿ ಸಂಪ್ರದಾಯಕ್ಕಿಂತ ದನಗಳ ಜೀವವನ್ನು ದೊಡ್ಡದೆಂದು ತಿಳಿದ ಆ ಹಿರಿಯರಿಗೆ ನನ್ನ ಮೊದಲ ನಮಸ್ಕಾರ.

ಹಬ್ಬ ಕಳೆದ ಕೆಲವೇ ದಿನಗಳಲ್ಲಿ ನಮ್ಮ ಮಲೆನಾಡು ಗಿಡ್ಡ ತಳಿಯ ಗೌರಿಗೆ ಜ್ವರ ಬಂದು, ಮೈತುಂಬ ಗಂಟುಗಳೆದ್ದು, ಮುಂಗಾಲು ಬಾತು, ಮೂರು ದಿನ ಹುಲ್ಲು ಮುಟ್ಟಲಿಲ್ಲ. ಈ ವೈರಸ್ಸಿಗೆ ನೇರ ಔಷಧವಿಲ್ಲ, ಜ್ವರ ಇಳಿಸಿ ಹುಣ್ಣು ಕೀವಾಗದಂತೆ ಕಾಯಬೇಕು ಎಂದು ತಿಳಿಸಿದ ಪಶುವೈದ್ಯರು, ರಾತ್ರಿಯೆನ್ನದೆ ಬಂದು ಚಿಕಿತ್ಸೆ ನೀಡಿದರು. ಪಕ್ಕದ ಮನೆಯ ಅಕ್ಕ ವೀಳ್ಯದೆಲೆ, ಕಾಳುಮೆಣಸು, ಉಪ್ಪನ್ನು ಅರೆದು ಬೆಲ್ಲದಲ್ಲಿ ಕಲಸಿ ತಂದು, ಗೌರಿಯ ನಾಲಿಗೆಗೆ ತಾವೇ ಸವರಿ, ಅವಳು ನುಂಗುವವರೆಗೆ ಗಂಗೆದೊಗಲು ನೀವುತ್ತ ಕುಳಿತಿರುತ್ತಿದ್ದರು. ಐಸ್ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ತೋಟದ ಸಂಕ ದಾಟಿ ಮನೆಮನೆಗೆ ಬಂದು ಚರ್ಮಗಂಟು ತಡೆಯಲೆಂದು ಆಡುಸಿಡುಬಿನ ಲಸಿಕೆ ಹಾಕಿದ ಸಿಬ್ಬಂದಿಯನ್ನೂ ಮರೆಯಲಾರೆ. ಅವರು ಲಸಿಕೆ ಹಾಕಿದ ನಮ್ಮ ಕರುವಿಗೆ ರೋಗ ಬರಲೇ ಇಲ್ಲ.

ಈ ಸಲ ಪಾಡ್ಯದ ಬೆಳಿಗ್ಗೆ ಮಕ್ಕಳು ಅಳತೆಯ ಪಾತ್ರೆಯಾದ ಸಿದ್ದೆಯ ಬಾಯಿಯನ್ನು ಶೇಡಿ ಎಂಬ ಬಿಳಿಮಣ್ಣು, ಕೆಮ್ಮಣ್ಣಿನಲ್ಲಿ ಅದ್ದಿ ದನಗಳ ಮೈಮೇಲೆ ಉಂಗುರದಂಥ ಮುದ್ರೆ ಒತ್ತಿದರು. ಗೌರಿಯ ಬೆನ್ನಿನಲ್ಲಿ ಗಂಟು ಮಾಗಿದ ಕಡೆ ಇನ್ನೂ ಕೂದಲು ಬಂದಿಲ್ಲ. ನನ್ನ ತಮ್ಮನ ಮಗಳು ಆ ಕಲೆಗಳನ್ನು ಮುಟ್ಟದೆ, ಸುತ್ತಲೂ ಜಾಗ ಹುಡುಕಿ ಹುಡುಕಿ ಮುದ್ರೆ ಹಾಕಿದ್ದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಮಾಲೆ ತೊಟ್ಟ ದನಗಳು ಕಟ್ಟೆಯ ಮುಂದೆ ನಿಂತಾಗ ಅರ್ಚಕರು ತೀರ್ಥ ಪ್ರೋಕ್ಷಿಸಿ, ಊರಿನ ಗೋವುಗಳನ್ನು ಕಾಯೆಂದು ಹುಲಿಯಪ್ಪನಲ್ಲಿ ಪ್ರಾರ್ಥಿಸಿದರು.

ಮಾಲೆ ಕಟ್ಟಿದವರು, ಕಷ್ಟದ ದಿನಗಳಲ್ಲಿ ಹುಲ್ಲು, ಹಿಂಡಿ ಕೊಟ್ಟವರು, ಎಲ್ಲರಿಗೂ ವಂದನೆಗಳು. ಗೌರಿ ಈಗ ಗಬ್ಬವಾಗಿದ್ದಾಳೆ. ಮಾಘದಲ್ಲಿ ಕರು ಹಾಕಿದಾಗ ಮೊದಲ ಗಿಣ್ಣು ಪಕ್ಕದ ಮನೆಯ ಅಕ್ಕನಿಗೂ ವೈದ್ಯರಿಗೂ ತಲುಪುತ್ತದೆ.