ಆಷಾಢದ ಚಪ್ಪರಕ್ಕೆ ಬಯಲಿನ ಗಾಳಿ ಲೆಕ್ಕ ಸಾಲದು

ಮಾನ್ಯ ಸಂಪಾದಕರೇ,

ಆಷಾಢ ಶುಕ್ರವಾರ ಬಂತೆಂದರೆ ಚಾಮುಂಡಿ ಬೆಟ್ಟದ ಮೇಲೆ ತಗಡಿನ ಚಪ್ಪರ, ಕಮಾನು, ಫ್ಲೆಕ್ಸ್ ಎಲ್ಲ ಎದ್ದು ನಿಲ್ಲುತ್ತವೆ. ಗಾಳಿ ಜೋರಾಗಿ ಬೀಸುವ ತಿಂಗಳೂ ಅದೇ, ಕೆಳಗೆ ಸಾಲಲ್ಲಿ ಜನ ಕಿಕ್ಕಿರಿಯುವ ತಿಂಗಳೂ ಅದೇ. ಇವಕ್ಕೆಲ್ಲ ಗಾಳಿಯ ಲೆಕ್ಕ ಹಾಕುವವರು ಯಾರು?

ಕಟ್ಟಡಗಳಿಗೆ ಗಾಳಿಯ ಲೆಕ್ಕ ಹೇಳುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಮೈಸೂರಿಗೆ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್ ಎಂದಿದೆ. ಅದು ಬಯಲಿಗೆ. ಇಳಿಜಾರು 3 ಡಿಗ್ರಿ ದಾಟಿದರೆ ಆ ವೇಗವನ್ನು 1.36ರವರೆಗಿನ ಗುಣಕದಿಂದ ಗುಣಿಸಬೇಕು ಅಂತಲೂ ಅಲ್ಲೇ ಇದೆ. ಬರೀ 36 ಪರ್ಸೆಂಟ್ ತಾನೇ ಅನ್ನಬೇಡಿ, ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ತಗಡಿಗೆ ಬೀಳುವ ಹೊಡೆತ ಸುಮಾರು 85 ಪರ್ಸೆಂಟ್ ಜಾಸ್ತಿ.

ಈ ಸೂತ್ರವೂ ನುಣುಪಾದ ಒಂಟಿ ಬೆಟ್ಟಕ್ಕೆ ಮಾತ್ರ. ನಮ್ಮದರ ಮೇಲೆ ಗೋಪುರ, ಮನೆ, ಮರ, ಬಂಡೆ ಎಲ್ಲ ಇವೆ. ಇಂಥ ಕಡೆ ಬೆಟ್ಟದ ಮಾದರಿ ಮಾಡಿ ಗಾಳಿ ಸುರಂಗದಲ್ಲಿ, ಅಂದರೆ ಫ್ಯಾನಿನಿಂದ ಗಾಳಿ ಹಾಯಿಸಿ ಅಳೆಯುವ ಉದ್ದನೆಯ ಕೋಣೆಯಲ್ಲಿ, ಇಟ್ಟು ನೋಡುವುದೇ ಸರಿ. ಸ್ಕಾಟ್ಲೆಂಡಿನ ಆಸ್ಕರ್ವೇನ್ ಎಂಬ 116 ಮೀಟರ್ ಗುಡ್ಡದಲ್ಲಿ 1982 ಮತ್ತು 83ರಲ್ಲಿ ಕಂಬ ನೆಟ್ಟು ಅಳೆದಾಗ, ನೆತ್ತಿಯಲ್ಲಿ ನೆಲದಿಂದ 10 ಮೀಟರ್ ಮೇಲೆ ಗಾಳಿ ಬಯಲಿಗಿಂತ ಸುಮಾರು 80 ಪರ್ಸೆಂಟ್ ಜೋರಾಗಿತ್ತು. (ಇದು ಸರಾಸರಿ ವೇಗ. 33 ಮೀಟರ್ ಅನ್ನುವುದು ರಭಸದ ಹೊಡೆತದ ಲೆಕ್ಕ, ಎರಡನ್ನೂ ಕಲಸಬಾರದು.) ಅದೇ ಗುಡ್ಡದ ಮಾದರಿಗಳನ್ನು ಸುರಂಗದಲ್ಲಿಟ್ಟಾಗ ನೆತ್ತಿಯ ಲೆಕ್ಕ ಚೆನ್ನಾಗಿ ಕೂತಿತು, ತೊಡಕು ಬಂದಿದ್ದು ಗಾಳಿಯ ಮರೆಯ ಬದಿಯಲ್ಲಿ. ಮಾದರಿಯ ಮೈ ತೀರಾ ನುಣುಪಾದರೆ ಗಾಳಿ ಅಲ್ಲಿ ಇಳಿಜಾರು ಬಿಟ್ಟು ಮೇಲೇಳುವುದೇ ಇಲ್ಲ, ಸುಮ್ನೆ ಜಾರಿಕೊಂಡು ಹೋಗುತ್ತದೆ. ಅದಕ್ಕೇ ಹಲಗೆ ಮೇಲೆ ಹಲಗೆ ಜೋಡಿಸಿ ಮಾದರಿ ಮಾಡಿದಾಗ ಉಳಿಯುವ ಮೆಟ್ಟಿಲುಗಳನ್ನು ತಿಕ್ಕದೆ ಹಾಗೇ ಬಿಡುವುದುಂಟು. ಮಾದರಿಯ ಮುಂದೆ ಸುರಂಗದ ನೆಲಕ್ಕೆ ಮರದ ತುಂಡುಗಳನ್ನೂ ಸಾಲಾಗಿ ಅಂಟಿಸುತ್ತಾರೆ, ನೆಲದ ಹತ್ತಿರದ ಗಾಳಿ ನಿಜದಂತೆ ನಿಧಾನ ಆಗಲಿ ಅಂತ.

ಕಾಲೇಜುಗಳ ಪುಟ್ಟ ಸುರಂಗ ಇದಕ್ಕೆ ಸಾಲದು. ಬೆಂಗಳೂರಿನ ಐಐಎಸ್‌ಸಿಯಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ್ದಿದೆ. ಊರಿಗಿಂತ ಸುಮಾರು 300 ಮೀಟರ್ ಎತ್ತರದ ನಮ್ಮ ಬೆಟ್ಟ ಸಾವಿರಕ್ಕೊಂದರ ಅಳತೆಯಲ್ಲಿ ಒಂದಡಿ ಆಗುತ್ತದೆ, ಅಷ್ಟೇ. ಮಾದರಿಯನ್ನು ನಮ್ಮ ಎಂಜಿನಿಯರಿಂಗ್ ಹುಡುಗರೇ ಮಾಡಲಿ. ಬೆಟ್ಟದ ತುದಿಯಲ್ಲೂ ಒಂದು ಆಷಾಢ ಪೂರ್ತಿ ಗಾಳಿ ಅಳೆಯಲಿ, ಇಲ್ಲದಿದ್ದರೆ ಮಾದರಿ ಸರಿಯೋ ತಪ್ಪೋ ತಿಳಿಯುವುದು ಹೇಗೆ?

ಅಲ್ಲಿಯವರೆಗೆ ಚಪ್ಪರ ಹಾಕಿಸುವವರು ಗುತ್ತಿಗೆದಾರರಿಂದ ಬೆಟ್ಟದ ಗುಣಕ ಸೇರಿಸಿದ ಲೆಕ್ಕದ ಹಾಳೆ ಕೇಳಿ ಪಡೆಯಲಿ. ಹಾಳೆ ಕೊಡದಿದ್ದರೆ ಬಿಲ್ ಪಾಸ್ ಮಾಡುವುದು ಬೇಡ.

– ನಿವೃತ್ತ ಸಿವಿಲ್ ಎಂಜಿನಿಯರ್, ಮೈಸೂರು